ಕಾಯುವವಳಿಲ್ಲದ ಏಳು ನಿಮಿಷ

ಇನ್ನೂ ಏಳು ನಿಮಿಷ ಬಾಕಿ. ನಾವು ಒಂದು, ಮೈಸೂರಿನವರು ಎರಡು.
ಕುಶಾಲಪ್ಪ ಮೇಷ್ಟ್ರು ಗೆರೆಯಾಚೆ ನಿಂತು ಕೈ ಬೀಸಿದ್ದು
ನನಗೇ ಅಂತ ಮೊದಲು ತಿಳಿಯಲಿಲ್ಲ.
ಹಿಂದೆ ತಿರುಗಿ ನೋಡಿದೆ.
ನನ್ನ ಹಿಂದೆ ಬಲೆ ಬಿಟ್ಟರೆ ಇನ್ಯಾರಿರುತ್ತಾರೆ?

"ಲಿಂಗಾಜಮ್ಮ, ಈಚೆ ಬಾ!"

ಪ್ಯಾಡು ಪಟಪಟ ಬಡಿಯುತ್ತ
ನೀರು ಹಿಡಿದ ಟರ್ಫಿನ ಮೇಲೆ
ಬಾತುಕೋಳಿಯ ಹಾಗೆ ಓಡಿದೆ.
ಎದುರು ಬಂದ ಸಾಬಿರಾಗೆ ಹೆಲ್ಮೆಟ್ಟಿಲ್ಲ, ಪ್ಯಾಡಿಲ್ಲ,
ಹಗುರ ಕೋಲೊಂದೇ.
ದಾಟುವಾಗ ನನ್ನ ಮುಖ ನೋಡಲಿಲ್ಲ ಅವಳು.

ಗ್ಯಾಲರಿಯಲ್ಲಿ ಯಾರೋ ಕೂಗಿದ:
"ಬಾಗ್ಲು ತೆಗ್ದಿಟ್ಟು ಗದ್ದೆಗೋದ್ರಲ್ಲಪ್ಪಾ ಮಂಡ್ಯದೋರು!"

ಮೇಷ್ಟ್ರು ಗಡಿಯಾರದಿಂದ ಕಣ್ಣು ತೆಗೆಯದೆ ಅಂದರು:
"ಒಂದರಲ್ಲಿ ಸೋತರೂ ಏಳೂಮುಕ್ಕಾಲರ ರೈಲು,
ಮೂರರಲ್ಲಿ ಸೋತರೂ ಅದೇ ರೈಲು.
ಎಲ್ಲರೂ ಕೊನೇ ನಿಮಿಷದ ತನಕ ಕಾಯ್ತಾರೆ.
ಲೆಕ್ಕ ಗೊತ್ತಿಲ್ಲ ಅಂತಲ್ಲ.
ಖಾಲಿ ಗೋಲಿಗೆ ಚೆಂಡು ಹೋದರೆ
ಜನ ನಗೋದು ಕೋಚನ್ನ ನೋಡಿ."

ಲಡಾಖಿನಿಂದ ಅಣ್ಣ ಫೋನಿನಲ್ಲಿ ಹೇಳಿದ್ದ,
ಹೆಪ್ಪುಗಟ್ಟಿದ ಕೆರೆಯ ಮೇಲೆ ಅಲ್ಲಿ ಹಾಕಿ. ಚೆಂಡಿಲ್ಲ, ಕರೀ ಬಿಲ್ಲೆ.
ಅಲ್ಲೂ ಸೋಲೋ ಹೊತ್ತಿಗೆ
ಮೀಸೆ ಮೇಲೆ ಹಿಮ ಕೂತ ಗೋಲು ಕಾಯೋನನ್ನ
ಹೊರಕ್ಕೆ ಕರೀತಾರಂತೆ.
"ಅವನಿಗೆ ಬೇಜಾರಾಗಲ್ವಾ?" ಅಂದೆ.
ಲೈನು ಕೊರಕೊರ ಅಂದಿತು.

ಅಜ್ಜಿಯೂ ಹಾಗೇ. ಚೌಕಾಬಾರದಲ್ಲಿ ಕೈ ಸೋತಿತೆಂದರೆ
ಕಟ್ಟೆಯಲ್ಲಿ ಒಂದು ಕಾಯಿ ಬಿಡುತ್ತಿರಲಿಲ್ಲ, ಎಲ್ಲ ಬೀದಿಗೆ.
ಮುಳುಗಿದೋಳಿಗೆ ಚಳಿಯೇನು ಮಗ, ಮಳೆಯೇನು, ಅಂತ
ಕವಡೆ ಉಜ್ಜಿ ಎಸೆಯುತ್ತಿದ್ದಳು.
ಬಹಳ ಸಲ ಸೋಲುತ್ತಲೇ ಇದ್ದಳು, ಅದೂ ನಿಜ.

ಹೆಲ್ಮೆಟ್ಟು ಕಳಚಿದೆ. ಕಿವಿಗೆ ಗಾಳಿ.
ಹನ್ನೊಂದು ವರ್ಷ ಬೆನ್ನು ಕೊಟ್ಟು ನಿಂತವಳು
ಮೊದಲ ಸಲ ಅದರ ಮುಖ ಕಂಡೆ.
ಎಷ್ಟು ಪುಟ್ಟದು!
ಒಳಗೆ ನಿಂತಾಗ
ಕನ್ನಂಬಾಡಿ ಕಟ್ಟೆಯಷ್ಟು ಉದ್ದವಿತ್ತಲ್ಲ,
ಅದರ ಗೇಟೆಲ್ಲ ನಾನೊಬ್ಬಳೇ.

ಇನ್ನೆರಡು ನಿಮಿಷ.
ಮೈಸೂರಿನ ಬ್ಯಾಕು ಅರ್ಧ ಮೈದಾನದಿಂದ ಬೀಸಿದಳು.
ಚೆಂಡು ಬಂತು, ಅವಸರವಿಲ್ಲದೆ,
ಕೆರೆಗೆ ಹೊರಟ ಎಮ್ಮೆಯ ಹಾಗೆ. ಅಡ್ಡ ಯಾರೂ ಇಲ್ಲ.
ಬೆಂಚಿನ ಕೆಳಗೆ ನನ್ನ ಬಲಗಾಲು ತಾನೇ ಚಾಚಿತು,
ನೀರಿನ ಬಾಟಲಿ ಉರುಳಿತು,
ದಡ್ ಅಂತ ಹಲಗೆಗೆ ಬಡಿದ ಸದ್ದು.

ಅಂಪೈರು ತಲೆಯಾಡಿಸಿದರು.
ವೃತ್ತದೊಳಗೆ ಯಾರ ಕೋಲೂ ತಾಗಿಲ್ಲ, ಇದು ಗೋಲಲ್ಲ.
ಕುಣಿಯುತ್ತಿದ್ದ ಗ್ಯಾಲರಿ ಗೊಣಗುತ್ತ ಕೂತಿತು.

ಆಮೇಲೆ ಸಾಬಿರಾ ಏನು ಮಾಡಿದಳು, ಅವಳನ್ನೇ ಕೇಳಿ.
ರೈಲು ಪಾಂಡವಪುರ ದಾಟಿದರೂ ಹೇಳುತ್ತಲೇ ಇದ್ದಳು.
ನಾನು ನೋಡಲಿಲ್ಲ.
ಎಲ್ಲರ ಕಣ್ಣೂ ಆ ತುದಿಗೆ ನೆಟ್ಟಾಗ
ಈ ತುದಿಯ ಖಾಲಿ ಬಲೆಯನ್ನ
ಕೂತಲ್ಲಿಂದಲೇ ಕಾಯುತ್ತಿದ್ದೆ.