ಇಪ್ಪತ್ತೆಂಟು ಸಾವಿರದ ಎಂಟುನೂರ ಹದಿನೈದು

ಉಪ್ಪಳ ಗೇಟಿನ ಹತ್ತಿರ, ಮೋಂತುವಿನ ರಿಪೇರಿ ಮೇಜಿನ ಮೇಲೆ
ಉಪ್ಪ ಎಂಬತ್ತೇಳರಲ್ಲಿ ಕುವೈತಿನಿಂದ ತಂದ ಕಂಪ್ಯೂಟರು,
ಕಂಬಳಿಗೂ ಟ್ಯಾಂಗ್ ಡಬ್ಬಿಗೂ ನಡುವೆ ಕೂತು ಬಂದದ್ದು.
ಕೀಲಿಗಳಿಗೆ ಅಂಗಡಿಯವ ಅಂಟಿಸಿದ ಅರಬಿ ಅಕ್ಷರ ಸವೆದು
ಅಲಿಫ್ ಒಂದೇ ನೆಟ್ಟಗೆ ನಿಂತಿದೆ.

ಹದಿನಾರು ಕೆ. ಅಷ್ಟೇ ಇದ್ದದ್ದು ಅದಕ್ಕೆ.
ಏಳನೇ ಕ್ಲಾಸು, ಕನ್ನಡ ಮೀಡಿಯಂ ನಾನು;
ಉಮ್ಮನ ಕೋಳಿಮೊಟ್ಟೆಯ ಬಾಕಿಯನ್ನೆಲ್ಲ ಕಲಿಸಲು ಹೊರಟರೆ
ಮುನ್ನೂರ ಹತ್ತನೇ ಸಾಲಿಗೆ
ಮೆಮರಿ ಇಲ್ಲ ಅಂದಿತು,
ಸೀಟಿಲ್ಲ ಅನ್ನುವ ಕಂಡಕ್ಟರನ ಹಾಗೆ.

ಈಗ ಮೋಂತು ಎಲ್ಲಿಂದಲೋ ತರಿಸಿದ್ದಾನೆ
ಅರುವತ್ತನಾಲ್ಕರ ಕಾರ್ಟ್ರಿಜ್, ಲೈಫ್‌ಬಾಯ್ ಸೋಪಿನಷ್ಟು.
ಮಗಳ ಪೆನ್ಸಿಲ್ ರಬ್ಬರಿನಲ್ಲಿ ಅದರ ಹಲ್ಲು ತಿಕ್ಕಿ, ಊದಿ,
ಕೊಂಕಣಿಯಲ್ಲಿ ಏನೋ ಗೊಣಗಿ, ಒತ್ತಿದ.

ಟೀವಿಯಲ್ಲಿ ನೀಲಿ ಬಂತು.
ಖಾಲಿ ಜಾಗ: ಇಪ್ಪತ್ತೆಂಟು ಸಾವಿರದ ಎಂಟುನೂರ ಹದಿನೈದು.
ಅರುವತ್ತನಾಲ್ಕು ಹಾಕಿದ್ದಲ್ವಾ ಮಾರಾಯ, ಉಳಿದದ್ದು?
"ಉಂಟು. ಅಡಿಯಲ್ಲಿ ಉಂಟು.
ಕೇಳಿದರೆ ಇಷ್ಟೇ ಹೇಳುವುದು ಇದು."

ಜನಗಣತಿಗೆ ಬಂದ ಹುಡುಗಿ
ಮಾತೃಭಾಷೆಗೆ ಒಂದೇ ಚೌಕ ತೋರಿಸಿದ್ದಳು.
ಉಮ್ಮ ಮಲಯಾಳ ಅಂದುಬಿಟ್ಟರು.
ಮೀನಿಗೆ ಜಗಳವಾಡುವ ತುಳು,
ನಾನು ಮನಸ್ಸಿನಲ್ಲೇ ಕೂಡಿ ಕಳೆಯುವ ಕನ್ನಡ
ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕಿದವು.

ಒಂದರಿಂದ ಮತ್ತೆ ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು.
ಮುನ್ನೂರ ಹತ್ತು: ಬಾಯಾರಿನ ಐತ್ತಪ್ಪಣ್ಣ, ಆರು ಮೊಟ್ಟೆ.
ಕಮಕ್ ಕಿಮಕ್ ಅನ್ನದೆ ನುಂಗಿತು.

ಖುಷಿಯಲ್ಲಿ ಉಮ್ಮನಿಗೆ ಫೋನು ಮಾಡಿದೆ.
"ಆರಲ್ಲ, ಎಂಟು," ಅಂದರು, "ಎರಡು ಒಡೆದಿತ್ತು.
ಅವನು ಆಗಲೇ ಕೊಟ್ಟಿದ್ದಾನೆ. ಅಳಿಸು."