ಎರಡು ಸೆಕೆಂಡು

ಹತ್ತು ವರ್ಷ ರಾಯಚೂರು ಕೋರ್ಟಿನ ಬೇವಿನ ಕೆಳಗೆ
ಅಫಿಡವಿಟ್ಟು ಹೊಡೆದ ಬೆರಳು ಇವು.
ಈಗ ಡಿಗ್ರಿ ಕಾಲೇಜಿನ ಮೂರನೇ ಬೆಂಚಿನಲ್ಲಿ
ತಾಯಮ್ಮನ ಪಕ್ಕ ಕೂತು
ಅರ್ಥಶಾಸ್ತ್ರ ಹೊಡೆಯುತ್ತವೆ.

ಸೂಗೂರೇಶ ಸರ್ ಬೋರ್ಡಿನ ಕಡೆ ತಿರುಗಿಯೇ ಮಾತಾಡುತ್ತಾರೆ,
ಬೆನ್ನಿಗೆ ತುಟಿಯಿಲ್ಲ.
ಅವರ ಕೆಮ್ಮು ಬಿಡುತ್ತೇನೆ. ಬೈಗುಳ ಬಿಡುವುದಿಲ್ಲ,
ಅದೂ ಅವಳ ಫೀಸಿನೊಳಗೇ ಬಂತು.

ಜೋಕು ಮಾತ್ರ ಕಷ್ಟ.
ಕ್ಲಾಸು ನಕ್ಕು ಮುಗಿಸಿದ ಮೇಲೆ
ಪರದೆ ಓದಿ ಅವಳೊಬ್ಬಳೇ ನಗುತ್ತಾಳೆ.
ಎಲ್ಲರೂ ತಿರುಗಿ ನೋಡುತ್ತಾರೆ.
ಆ ಎರಡು ಸೆಕೆಂಡು ನನ್ನ ಸಾಲ.

ನಿನ್ನೆ, 'ಬೇಡಿಕೆ ಇಳಿದಾಗ' ಎಂಬಲ್ಲಿ,
ಅವಳು ಬೆಂಚಿನ ಮೇಲೆ ಅಂಗೈ ಊರಿದಳು,
ನನ್ನ ಕೈ ಸರಿಸಿ ತಾನೇ ಹೊಡೆದಳು:
'ಗೂಡ್ಸ್ ಬರ್ಲಿಕತ್ತದ.'

ನನಗೆ ಕೇಳಿಸಿದ್ದು ಫ್ಯಾನಿನ ಕರಕರ.
ಸರ್ ಇನ್ನೂ ಹೇಳುತ್ತಲೇ ಇದ್ದರು.

ಆಮೇಲೆ ಕಿಟಕಿಯ ಗಾಜು ನಡುಗಿತು.
ಶಕ್ತಿನಗರದ ಕಲ್ಲಿದ್ದಲು, ವ್ಯಾಗನ್ನಿನ ಹಿಂದೆ ವ್ಯಾಗನ್ನು.
ಸರ್ ಸೀಮೆಸುಣ್ಣ ಹಿಡಿದು ನಿಂತುಬಿಟ್ಟರು,
ಯಾರ ಮಾತೂ ಯಾರಿಗೂ ಕೇಳದು.
ಅವಳು ಅಂಗೈಯಲ್ಲಿ ಎಣಿಸುತ್ತಿದ್ದಳು.
'ಐವತ್ತೆಂಟು' ಎಂದು ಹೊಡೆದು
ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು.