ಓಲಾ, ಸುಕಾ

ಧನಕವಡಿಯ ಮೂರನೇ ಮಹಡಿಯಲ್ಲಿ ಮೊದಲ ಬೆಳಗು.
ಇನ್ನೂ ಗಂಟು ಬಿಚ್ಚಿರಲಿಲ್ಲ,
ಹಾಲುಕ್ಕಿಸಿದ ಪಾತ್ರೆ ತೊಳೆದಿರಲಿಲ್ಲ,
ಬಾಗಿಲಲ್ಲಿ ಎರಡು ಬಕೆಟ್ಟು ಹಿಡಿದು ನಿಂತವಳು ಕೇಳಿದಳು:
'ಓಲಾ? ಸುಕಾ?'

ನನ್ನ ಕಿವಿ ಗಜೇಂದ್ರಗಡದ್ದು.
ಓಲೆ ಎಂದು ಕೇಳಿಸಿತು, ಸುಖ ಎಂದು ಕೇಳಿಸಿತು.
ಓಲೆ ಬಂದಿಲ್ಲ, ಸುಖವಾಗಿದ್ದೇವೆ
ಎಂಬಂತೆ ತಲೆಯಾಡಿಸಿ ನಕ್ಕೆ.
ಅವಳು ನಗಲಿಲ್ಲ.
ಕೈಯ ಚೀಲ ಇಸಿದುಕೊಂಡು
ಮೆಟ್ಟಿಲ ಮೇಲೇ ಸುರುವಿಕೊಂಡು ಕೂತಳು:
ಬಾಳೆಸಿಪ್ಪೆ ಆ ಕಡೆ, ಹಾಲಿನ ಪಾಕೀಟು ಈ ಕಡೆ,
ಚಹಾದ ಚರಟ ಆ ಕಡೆ,
ಬಂದ ಬಸ್ಸಿನ ಟಿಕೇಟು ಈ ಕಡೆ.
ನನ್ನ ಟ್ರಂಕನ್ನು ಬೀದಿಯಲ್ಲಿ
ಯಾರೋ ತೆರೆದಂತೆ ನಾಚಿಕೆ.

ಊರಲ್ಲಿ ಕಸಕ್ಕೆ ಜಾತಿ ಕೇಳುತ್ತಿರಲಿಲ್ಲ.
ಸಿಪ್ಪೆ ಎಮ್ಮೆಗೆ, ಬೂದಿ ಪಾತ್ರೆಗೆ,
ಮಿಕ್ಕದ್ದೆಲ್ಲ ಹಿತ್ತಲ ತಿಪ್ಪೆಗೆ.
ತಿಪ್ಪೆ ಯಾರೂ ಬಿತ್ತದ ಕುಂಬಳಬಳ್ಳಿಯನ್ನೆಬ್ಬಿಸಿ
ಮಾಳಿಗೆಗೆ ಹಬ್ಬಿಸುತ್ತಿತ್ತು.
ಇಲ್ಲಿ ಬೋರ್ಡಿನ ಮೇಲೆ
ಸೆಕ್ರೆಟರಿ ಲಿಮಯೆ ಕಾಕಾರ ಮೋಡಿಯಂಥ ಅಕ್ಷರ,
ಕೆಳಗೆ ಎರಡು ಗೆರೆ ಎಳೆದು:
'ಫ್ಲ್ಯಾಟ್ ನಂಬರ್ ಒಂಬತ್ತು ಲಕ್ಷ್ಯ ಕೊಡಬೇಕು.'
ಒಂಬತ್ತು ಅಂದರೆ ನಾವು.

ಕಲಿತೆ. ಹಸಿರು ಬಕೆಟ್ಟು, ನೀಲಿ ಬಕೆಟ್ಟು.
ಆದರೂ ಕೆಲವು ತಕರಾರು ತೆಗೆಯುತ್ತಿದ್ದವು:
ಉಪ್ಪಿನಕಾಯಿ ಅಂಟಿದ ಕಾಗದ ಹಸಿಯೋ ಒಣವೋ?
ತೆಂಗಿನ ಕರಟ? ದಾರಸಮೇತ ಬಾಡಿದ ಹೂವು?
ತಲೆ ಬಾಚಿದ ಕೂದಲುಂಡೆ?
ಬೈಂಡಿಂಗ್ ಪ್ರೆಸ್ಸಿನ ಗೋಂದು ಉಗುರಲ್ಲಿಟ್ಟುಕೊಂಡು
ಗಂಡ ಅನ್ನುತ್ತಿದ್ದ:
'ಎಲ್ಲಾ ಒಣಗಿಸಿ ಹಾಕು, ಆಗ ಒಂದ ಬಕೆಟ್ ಸಾಕು.'

ಬೇರೆ ಮಾಡುವುದು ನನಗೆ ತಿಳಿದಿರಲಿಲ್ಲವೆಂದಲ್ಲ.
ಕಿಟಕಿಯಲ್ಲಿ, ಅವಳು ನೀರು ಕೇಳಿದರೆ ಇರಲೆಂದು,
ಕಿವಿ ಮುರಿದ ಕಪ್ಪೊಂದನ್ನು
ಮೊದಲ ವಾರವೇ ಬೇರೆ ಇಟ್ಟಿದ್ದೆ.

ಶೇವಂತಾ ಅವಳ ಹೆಸರು.
ನಮ್ಮಲ್ಲಿ ಸೇವಂತಿ ಅಂತಾರೆ ಎಂದೆ.
ನನ್ನ ಭಾಷೆಯಿಂದ ಅವಳು ಒಯ್ದದ್ದು ಅದೊಂದೇ.
ನಾನು ಇಟ್ಟುಕೊಂಡದ್ದು 'ಕೇರ್',
ಮನೆ ಗುಡಿಸಿದರೆ ಕೂಡುವ ಧೂಳಿಗೆ ಅವರ ಮಾತು.
ಅವ್ವ ಮೊರದಲ್ಲಿ ಕೇರುತ್ತಿದ್ದಳಲ್ಲ,
ಕಾಳು ಉಳಿಯುತ್ತಿತ್ತಲ್ಲ.

ಇನ್ನೊಂದು, ಯಾರನ್ನೂ ಕೇಳದೆ ಕಲಿತದ್ದು:
ತಿಂಗಳ ಆ ದಿನಗಳ ಪೊಟ್ಟಣದ ಮೇಲೆ
ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ,
ಅವಳ ಬೆರಳು ಬಿಚ್ಚಿ ನೋಡದಿರಲೆಂದು.
ತವರಿನ ಚಕ್ಕುಲಿ ಕಟ್ಟಿ ಬಂದ ಕನ್ನಡ ಪೇಪರಿನಲ್ಲೇ ಸುತ್ತುತ್ತಿದ್ದೆ.
ಈ ಊರಲ್ಲಿ ಯಾರು ಓದುತ್ತಾರೆ.

ಶ್ರಾವಣದಲ್ಲಿ ಚುಕ್ಕೆ ಇಡಲಿಲ್ಲ.
ಭಾದ್ರಪದದಲ್ಲೂ.
ಅತ್ತೆಗೆ ಹೇಳಿರಲಿಲ್ಲ, ಗಂಡನಿಗೆ ಅರ್ಧ ಹೇಳಿದ್ದೆ.
ಗಣಪತಿ ಹೋದ ಮರುದಿನ
ಮನೆಮನೆಯ ನಿರ್ಮಾಲ್ಯ ಬೇರೆ ಚೀಲದಲ್ಲಿ ಹೊತ್ತು ಬಂದವಳು
ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡಳು.
'ಜಡ ಉಚಲೂ ನಕೋ.'
ಭಾರ ಎತ್ತಬೇಡ ಎಂದದ್ದು ಆಗಲೇ ತಿಳಿಯಿತು,
ಅವಳಿಗೆ ಹೇಗೆ ಗೊತ್ತೆಂಬುದು
ಅವಳು ಮೆಟ್ಟಿಲಿಳಿದ ಮೇಲೆ.

ಸೀಗೆ ಹುಣ್ಣಿಮೆಯ ಹಿಂದಿನ ದಿನ
ಒಂದು ಪೊಟ್ಟಣ. ದೊಡ್ಡದು.
ಪೆನ್ನು ಹುಡುಕಿದೆ, ಸಿಗಲಿಲ್ಲ.
ಕುಂಕುಮದ ಭರಣಿ ಕೈಗೆ ಬಂತು,
ತೆರೆದು ಮುಚ್ಚಿದೆ.
ಹಾಗೇ ಕೊಟ್ಟೆ.
ಓಲಾ, ಸುಕಾ, ಏನೂ ಕೇಳಲಿಲ್ಲ.
ಎರಡರಲ್ಲಿ ಯಾವ ಬಕೆಟ್ಟಿಗೂ ಹಾಕದೆ
ಕಂಕುಳಲ್ಲಿಟ್ಟುಕೊಂಡು ಇಳಿದಳು,
ಒಂದೊಂದೇ ಮೆಟ್ಟಿಲು.

ಮಾರನೆಯ ದಿನ ಎಂಟೂವರೆಗೆ ಕರೆಗಂಟೆ.
ಒಲೆ ಹಚ್ಚಿರಲಿಲ್ಲ. ಕೊಡಲು ಏನೂ ಇರಲಿಲ್ಲ.
ಎರಡೂ ಖಾಲಿ ಬಕೆಟ್ಟು ತೋರಿಸಿದೆ.
ಬಗ್ಗಿ ನೋಡಿ ಗದರಿದಳು:
'ಚಹಾ ತರೀ ಕರ.
ಮಲಾ ಓಲಾ ಕಚರಾ ಪಾಹಿಜೇ.'
ಹಸಿ ಕಸ ಬೇಕಂತೆ, ಚಹಾನಾದರೂ ಮಾಡಬೇಕಂತೆ.

ಮಾಡಿದೆ. ನಾವು ಕುಡಿಯುವ ಸ್ಟೀಲಿನ ಲೋಟದಲ್ಲೇ ಕೊಟ್ಟೆ.
ಚರಟ ಹಸಿರು ಬಕೆಟ್ಟಿಗೆ.
ಕಿಟಕಿಯ ಕಪ್ಪನ್ನು, ಅವಳು ಊದಿ ಕುಡಿಯುತ್ತಿರುವಾಗ,
ನೀಲಿ ಬಕೆಟ್ಟಿಗೆ ಹಾಕಿದೆ.
ಸದ್ದಿಗೆ ತಿರುಗಿದಳು. ಕೈಹಾಕಿ ಎತ್ತಿದಳು.
ಮುರಿದ ಕಿವಿಯ ಮೇಲೆ ಹೆಬ್ಬೆರಳಾಡಿಸಿ
ನನ್ನ ಕೈಗೇ ವಾಪಸು ಇಟ್ಟಳು:

'ಫುಟಕ ವೇಗಳ. ಪೇಪರಮಧ್ಯೆ.'
ಒಡೆದದ್ದು ಬೇರೆ. ಕಾಗದದಲ್ಲಿ ಸುತ್ತಿ ಕೊಡು,
ಕೈ ಕೊಯ್ಯುತ್ತದೆ.